ಬಾಸ್ ಮೀನಿಗೆ ಯಾವ ಬ್ರೇಡ್? ಕಪ್ಪೆ, ಜಿಗ್, ಡ್ರಾಪ್‌ಶಾಟ್ ಎಲ್ಲಕ್ಕೂ ಒಂದೇ ದಾರ ಸಾಕಾ?

ಡಾಲಸ್_ಗಾಳ
ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ ಕಡೆ, ಈಗ ಇರೋದು ಡಾಲಸ್ ಹತ್ರ. ಊರಲ್ಲಿ ಬಿದಿರು ಕೋಲಿಗೆ ತಂಗೂಸಿ ಕಟ್ಟಿ ಎರೆಹುಳ ಹಾಕಿ ಹಿಡೀತಿದ್ದೆ. ಲಾರ್ಜ್‌ಮೌತ್ ಬಾಸ್ ಹುಚ್ಚು ಹಿಡಿದಿದ್ದು ಟೆಕ್ಸಸ್‌ಗೆ ಬಂದ್ಮೇಲೆ. ಇಷ್ಟು ದಿನ ಅಂಗಡಿಯವರು ಸುತ್ತಿಕೊಟ್ಟ ಮೋನೊದಲ್ಲೇ (ಒಂಟಿ ಎಳೆಯ ನೈಲಾನ್ ದಾರ) ನಡೀತಿತ್ತು, ಈಗ ಬ್ರೇಡ್‌ಗೆ (ಹಲವು ಎಳೆ ಹೆಣೆದ ದಾರ) ಹೋಗ್ಬೇಕು ಅಂತಿದ್ದೀನಿ.

ನನ್ನ ಹತ್ರ ಇರೋದು ಎರಡು ರೀಲ್: ಒಂದು 2500 ಸೈಜಿನ ಸ್ಪಿನ್ನಿಂಗ್ (ಎಸೆಯುವಾಗ ದಾರ ಸುತ್ತಿದ ಸ್ಪೂಲ್ ತಿರುಗಲ್ಲ), ಇನ್ನೊಂದು ಬೈಟ್‌ಕಾಸ್ಟರ್ (ಸ್ಪೂಲೇ ತಿರುಗುತ್ತೆ). ರಜೆ ಸಿಕ್ಕಾಗ ಲೇಕ್ ಫೋರ್ಕ್, ಸಂಜೆ ಹೊತ್ತು ಮನೆ ಹತ್ರದ ಪಾರ್ಕಿನ ಕೊಳ. ಹಾಕೋ ಬೈಟ್ ಅಂದ್ರೆ ರಬ್ಬರ್ ಕಪ್ಪೆ, ಜಿಗ್ (ತಲೆಗೆ ತೂಕ ಇರೋ ಹುಕ್), ಟೆಕ್ಸಸ್ ರಿಗ್ (ಹುಕ್ ಮೊನೆ ರಬ್ಬರ್ ಹುಳದೊಳಗೆ ಮುಚ್ಚಿರೋದು), ಡ್ರಾಪ್‌ಶಾಟ್ (ಹುಕ್ ಮೇಲೆ, ತೂಕ ಕೆಳಗೆ), ಆಗಾಗ ಕ್ರ್ಯಾಂಕ್‌ಬೈಟ್ (ಎಳೆದಾಗ ಮುಳುಗಿ ಅಲ್ಲಾಡೋ ಗಟ್ಟಿ ಬೊಂಬೆ ಮೀನು). ಅಂಗಡಿಗೆ ಹೋದ್ರೆ ಗೋಡೆ ತುಂಬಾ ಬ್ರೇಡ್: 10 ಪೌಂಡ್ ಬಲದಿಂದ 80ರವರೆಗೆ, 4 ಎಳೆ, 8 ಎಳೆ, ಹಸಿರು, ಹಳದಿ. ಎಲ್ಲಕ್ಕೂ ಆಗೋ ಒಂದು ದಾರ ಯಾವುದು? ಮುಂದೆ ಲೀಡರ್ (ಬೈಟ್ ಕಡೆ ತುದಿಗೆ ಸೇರಿಸೋ ಬೇರೆ ದಾರದ ತುಂಡು) ಕಟ್ಟಲೇಬೇಕಾ?

ಕಪ್ಪೆರಾಯ
65 ಪೌಂಡ್ ಹಾಕಿ ಗುರು, ಲೀಡರ್ ಬೇಡ. ಮುಗೀತು.

ಗಂಟುಮಾಸ್ತರ್
ಕಪ್ಪೆರಾಯರೇ, ಅವರು ಡ್ರಾಪ್‌ಶಾಟ್ ಅಂತಲೂ ಬರ್ದಿದ್ದಾರೆ. 2500 ಸ್ಪಿನ್ನಿಂಗ್ ರೀಲ್‌ಗೆ 65 ಪೌಂಡ್ ಸುತ್ತಿದ್ರೆ ಎಸೆದ ಬೈಟ್ ಕಾಲ ಬುಡದಲ್ಲೇ ಬೀಳುತ್ತೆ.

ಕಪ್ಪೆರಾಯ
ನಾನು ಹೇಳಿದ್ದು ಬೈಟ್‌ಕಾಸ್ಟರ್‌ಗೆ ಮಾಸ್ತರೇ. ನಾನಿರೋದು ಅಲಬಾಮಾ, ಗಂಟರ್ಸ್‌ವಿಲ್ ಸರೋವರದ ಪಕ್ಕ. ಬೇಸಿಗೆ ಬಂತು ಅಂದ್ರೆ ಹೈಡ್ರಿಲ್ಲಾ, ಮಿಲ್‌ಫಾಯಿಲ್ ಅನ್ನೋ ಕಳೆ ಎರಡೂ ಸೇರಿ ನೀರಿನ ಮೇಲೆ ಚಾಪೆ ಹಾಸಿಬಿಡುತ್ತೆ. ಅದರ ಮೇಲೆ ಕಪ್ಪೆ ಎಳ್ಕೊಂಡು ಬರ್ತಾ ಇರ್ತೀವಿ, ಕೆಳಗಿಂದ ಮೀನು ಚಾಪೆ ಸಮೇತ ಬಾಯಿ ಹಾಕುತ್ತೆ. ಅಲ್ಲಿ ತಡೀಬೇಕು. ತಕ್ಷಣ ಎಳೆದ್ರೆ ಕಪ್ಪೆ ಬಾಯಿಂದ ಹಾರಿ ನಮ್ಮ ಮುಖಕ್ಕೇ ಬರುತ್ತೆ. ದಾರ ಕೆಳಕ್ಕೆ ಇಳಿಯೋದು ಕಂಡ್ಮೇಲೆ ಮೈಯೆಲ್ಲಾ ಬಲ ಹಾಕಿ ಎಳೆದು, ನಿಲ್ಲಿಸದೆ ಸುತ್ತಬೇಕು. ಆಗ ದಡಕ್ಕೆ ಬರೋದು ಮೀನು ಮಾತ್ರ ಅಲ್ಲ, ಅದರ ಜೊತೆ ಒಂದು ಬುಟ್ಟಿ ಕಳೆ. ಆ ತೂಕಕ್ಕೆ 65 ಬೇಕು. ಮೋನೊ ಅಲ್ಲಿ ಹಿಗ್ಗುತ್ತೆ, ಹಿಗ್ಗಿದ ಆ ಒಂದು ಗಳಿಗೇಲಿ ಮೀನು ಕಾಂಡಗಳ ಸುತ್ತ ಎರಡು ಸುತ್ತು ಹಾಕ್ಕೊಂಡಿರುತ್ತೆ.

ಕೆರೆ_ಏರಿ
ಇದು ನಮ್ಮ ಕಡೆ ಕೊರಮೀನಿಗೆ ಹಾಕೋ ಪದ್ಧತೀನೇ ಸಾರ್. ಅದೇ ಕಪ್ಪೆ, ಅದೇ ಜೊಂಡು, ಅದೇ ತಾವರೆ ಎಲೆ. ತುಮಕೂರು ಕಡೆ ಕೆರೆಗಳಲ್ಲಿ ನಾವು 40 ಹಾಕ್ತೀವಿ, ಸಾಕಾಗುತ್ತೆ. 65 ಯಾಕೆ ಅಂತ ಅರ್ಥ ಆಗ್ಲಿಲ್ಲ. ಬಾಸ್ ಅಷ್ಟು ತೂಕ ಬರುತ್ತಾ?

ಕೊಕ್ಕರೆ
ಇಲ್ಲ, ಅಷ್ಟು ಬರೋದೇ ಇಲ್ಲ. ಲಾರ್ಜ್‌ಮೌತ್ ವಿಶ್ವ ದಾಖಲೆಯೇ 22 ಪೌಂಡ್ ಚಿಲ್ಲರೆ, ಅಂದ್ರೆ ಸುಮಾರು ಹತ್ತು ಕೆಜಿ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದಿದ್ದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕೆ ಸಮ ಮಾಡಿದ್ರು. ಮೀನಿನ ತೂಕ ನೋಡಿ ದಾರ ಆರಿಸೋದಾದ್ರೆ 20 ಪೌಂಡ್ ಬ್ರೇಡ್ ಎಲ್ಲಕ್ಕೂ ಸಾಕು.

ಬೈಟ್‌ಕಾಸ್ಟರ್‌ಗೆ ದಪ್ಪ ಬ್ರೇಡ್ ಹಾಕೋಕೆ ಎರಡು ಕಾರಣ. ಒಂದು ಕಪ್ಪೆರಾಯರು ಹೇಳಿದ ಕಳೆಯ ತೂಕ. ಎರಡನೇದು ಯಾರೂ ಹೇಳಲ್ಲ: ಸ್ಪೂಲ್. ಬ್ರೇಡ್ ವಿಪರೀತ ಸಣ್ಣ. ಸಾಮಾನ್ಯ 4 ಎಳೆಯ ಬ್ರೇಡ್ ಡಬ್ಬಿ ಮೇಲೆ ನೋಡಿ, 20 ಪೌಂಡ್ ಬ್ರೇಡಿನ ದಪ್ಪ 0.23 ಮಿಮೀ, 6 ಪೌಂಡ್ ಮೋನೊದಷ್ಟು. 30 ಪೌಂಡಿನದು 0.28, 8 ಪೌಂಡ್ ಮೋನೊ. ಇಷ್ಟು ಸಣ್ಣ ದಾರಾನ ಬೈಟ್‌ಕಾಸ್ಟರ್‌ಗೆ ಸುತ್ತಿ ಮೀನನ್ನ ಜೋರಾಗಿ ಎಳೆದ್ರೆ, ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತು ಹೋಗುತ್ತೆ. ಮುಂದಿನ ಎಸೆತದಲ್ಲಿ ದಾರ ಅಲ್ಲೇ ಕಚ್ಚಿಕೊಂಡು ರೀಲ್ ಗಕ್ಕನೆ ನಿಲ್ಲುತ್ತೆ, ಬೈಟ್ ಕಿತ್ಕೊಂಡು ಹೋಗುತ್ತೆ. 50 ಪೌಂಡಿಂದು 0.36 ಮಿಮೀ, 65ರದ್ದು 0.41. ಆ ದಪ್ಪಕ್ಕೆ ಸ್ಪೂಲ್ ಮೇಲೆ ಸರಿಯಾಗಿ ಕೂರುತ್ತೆ. ಹಾಗಾಗಿ ಬೈಟ್‌ಕಾಸ್ಟರ್‌ಗೆ 40ಕ್ಕಿಂತ ಕಡಿಮೆ ಹಾಕ್ಬೇಡಿ ಅನ್ನೋದು ನನ್ನ ಮಾತು. ಮೀನು ದೊಡ್ಡದು ಅಂತಲ್ಲ, ದಾರ ಸಣ್ಣದು ಅಂತ.

ಡಾಲಸ್_ಗಾಳ
ಅಕ್ಕಾ, ಇದು ನಂಗೆ ಹೊಸ ವಿಷಯ. ಹಾಗಾದ್ರೆ 50 ಹಾಕಿದ್ರೆ ಕಪ್ಪೆ, ಜಿಗ್, ಟೆಕ್ಸಸ್ ರಿಗ್ ಮೂರಕ್ಕೂ ಆಗುತ್ತಾ?

ಗಂಟುಮಾಸ್ತರ್
ಕಳೆ ಇರೋ ಕಡೆ ಆಗುತ್ತೆ. ಲೇಕ್ ಫೋರ್ಕ್ ಅಂದ್ರಲ್ಲ, ಅಲ್ಲೇ ತೊಡಕು. 1980ರಲ್ಲಿ ನೀರು ನಿಲ್ಲಿಸುವಾಗ ಅಲ್ಲಿನ ಮರಗಳನ್ನ ಬಹಳಷ್ಟು ಕಡೆ ಕಡಿಯದೆ ಹಾಗೇ ಬಿಟ್ರು. ಲಿಂಗನಮಕ್ಕಿ ಹಿನ್ನೀರಲ್ಲಿ ಒಣಮರ ನಿಂತಿರೋದನ್ನ ನೀವೇ ನೋಡಿರ್ತೀರಿ. ಬ್ರೇಡ್ ಹುಲ್ಲನ್ನ ಕತ್ತರಿಸುತ್ತೆ, ಆದ್ರೆ ಮರಕ್ಕೆ ಹೂತುಕೊಳ್ಳುತ್ತೆ. ನೀರಲ್ಲಿ ನೆನೆದ ಕೊಂಬೆ ಮೇಲೆ ಹಾದು ಬಿಗಿಯಾದ್ರೆ ಗರಗಸದ ಹಾಗೆ ಒಳಗಿಳಿದು ಅಲ್ಲೇ ಕೂರುತ್ತೆ. ಫ್ಲೋರೋ (ಒಂಟಿ ಎಳೆಯ ಫ್ಲೋರೋಕಾರ್ಬನ್ ದಾರ) ಗಟ್ಟಿ, ನುಣುಪು, ಜಾರಿಕೊಂಡು ಬರುತ್ತೆ. ಅದಕ್ಕೇ ಮರದ ನಡುವೆ ಜಿಗ್, ಟೆಕ್ಸಸ್ ರಿಗ್ ಹಾಕೋರು 17–20 ಪೌಂಡ್ ಫ್ಲೋರೋ ಹಾಕೋದು.

ಕಪ್ಪೆರಾಯ
ಒಪ್ಪಲ್ಲ. 65 ಇದ್ರೆ ಕೊಂಬೇನೇ ಮುರಿದು ಎಳ್ಕೊಂಡು ಬರಬಹುದು.

ಗಂಟುಮಾಸ್ತರ್
ಬೆರಳು ದಪ್ಪದ ಕೊಂಬೆಗೆ ಸರಿ. ತೊಡೆ ದಪ್ಪದ ಮರಕ್ಕೆ? ಆಗ ಹುಕ್ ನೆಟ್ಟಗಾಗುತ್ತೆ, ಇಲ್ಲಾ ರಾಡ್ ತುದಿ ಹೋಗುತ್ತೆ. ಏನೂ ಆಗ್ದಿದ್ರೆ ಹತ್ತಾರು ಗಜ ಬ್ರೇಡ್ ಕತ್ತರಿಸಿ ಅಲ್ಲೇ ಬಿಟ್ಟು ಬರ್ಬೇಕು. ಅದು ಕರಗೋ ವಸ್ತು ಅಲ್ಲ. ಹಕ್ಕಿ ಕಾಲಿಗೆ, ಆಮೆ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ.

ಸೇಂಟ್‌ಕ್ಲೇರ್_ಚಳಿ
ಸಿಕ್ಕೊಂಡ ಬ್ರೇಡ್ ಕೈಗೆ ಸುತ್ತಿ ಎಳೀಬ್ಯಾಡ್ರಿ ಮತ್ತ! ಚಾಕು ಹಾಕಿದಂಗ ಬೆರಳು ಕೊಯ್ತದ. ಒಂದು ಗಟ್ಟಿ ಕಟ್ಟಿಗಿ ತುಂಡಿಗೆ ನಾಲ್ಕು ಸುತ್ತು ಸುತ್ತಿ, ರಾಡ್ ಬಾಗಿಸದ ನೆಟ್ಟಗ ಎಳೀರಿ. ರೀಲ್ ಡ್ರ್ಯಾಗ್ (ದಾರ ಬಿಡೋ ಬ್ರೇಕ್) ಮ್ಯಾಲೂ ಭಾರ ಹಾಕಬ್ಯಾಡ್ರಿ.

ನಾ ಇರೋದು ಮಿಶಿಗನ್, ಊರು ಧಾರವಾಡ. ನಮ್ಮದು ಪೂರಾ ಬ್ಯಾರೆ ಆಟ. ಲೇಕ್ ಸೇಂಟ್ ಕ್ಲೇರ್‌ದಾಗ ಸ್ಮಾಲ್‌ಮೌತ್ ಬಾಸ್. 1988ರಾಗ ಉತ್ತರ ಅಮೆರಿಕದ ಮೊದಲ ಝೀಬ್ರಾ ಚಿಪ್ಪು ಸಿಕ್ಕಿದ್ದು ಇಲ್ಲೇ. ಅವು ನೀರು ಸೋಸಿ ಸೋಸಿ ತಳದ ತನಕ ಕಾಣೂ ಹಂಗ ಮಾಡ್ಯಾವ, ಕಲ್ಲಿನ ಮ್ಯಾಲೆಲ್ಲಾ ಬ್ಲೇಡ್ ಅಂಟಿಸಿದಂಗ ಕೂತಾವ. ನೇರ ಬ್ರೇಡ್ ಇಟ್ರ ಎರಡು ಕೇಡು: ಮೀನಿಗೆ ದಾರ ಕಾಣತದ, ಮ್ಯಾಲೆ ಚಿಪ್ಪಿಗೆ ತಾಗಿದ ಕೂಡ್ಲೆ ಕಟ್. ಅದಕ್ಕ ಸ್ಪಿನ್ನಿಂಗ್ ರೀಲ್‌ದಾಗ 10 ಪೌಂಡ್ ಬ್ರೇಡ್, ಮುಂದ 8 ಪೌಂಡ್ ಫ್ಲೋರೋ ಲೀಡರ್, ಒಂದು ಹತ್ತು ಅಡಿ. ಡ್ರಾಪ್‌ಶಾಟ್, ನೆಡ್ ರಿಗ್, ಟ್ಯೂಬ್‌ನಂಥ ಸಣ್ಣ ರಬ್ಬರ್ ಬೈಟ್ ಎಲ್ಲಾದಕ್ಕೂ ಇದ. ಇಪ್ಪತ್ತು ಅಡಿ ಆಳದಾಗ ಮೀನು ಬೈಟ್‌ನ ಬಾಯಾಗ ಇಟ್ಟು ಉಗುಳಿದ್ರೂ ಬೆರಳಿಗೆ ಟಿಕ್ ಅಂತ ಗೊತ್ತಾಗ್ತದ. ಮೋನೊದಾಗ ಅದು ಗೊತ್ತಾಗಂಗಿಲ್ಲ.

ಕೊಕ್ಕರೆ
ಗೊತ್ತಾಗೋಕೆ ಕಾರಣ ಹಿಗ್ಗದೇ ಇರೋದು. ನೈಲಾನ್ ಮೋನೊ ಕಡಿಯೋ ಮುಂಚೆ ಕಾಲು ಭಾಗದಷ್ಟು ಹಿಗ್ಗಬಲ್ಲದು, ಬ್ರೇಡ್ ಶೇಕಡಾ ಮೂರು ನಾಲ್ಕರ ಆಸುಪಾಸು. ಬ್ರೇಡ್ ಅಂದ್ರೆ ಪಾಲಿಎಥಿಲೀನ್, ಸ್ಪೆಕ್ಟ್ರಾ, ಡೈನೀಮಾ ಅಂತ ಮಾರೋ ನಾರು. ಸಾಂದ್ರತೆ 0.97 (ನೀರಿನದು 1), ಅದಕ್ಕೇ ತೇಲುತ್ತೆ. ನೈಲಾನ್ 1.14, ನಿಧಾನ ಮುಳುಗುತ್ತೆ. ಫ್ಲೋರೋ 1.78, ಸರ್ರನೆ ಇಳಿಯುತ್ತೆ. ನೀರ ಮೇಲೆ ಆಡೋ ಕಪ್ಪೆ, ಬಜ್‌ಬೈಟ್‌ಗೆ ಬ್ರೇಡ್ ಯಾಕೆ ಒಗ್ಗುತ್ತೆ, ಫ್ಲೋರೋ ಯಾಕೆ ಬೈಟಿನ ಮೂಗು ಕೆಳಗೆ ಎಳೆಯುತ್ತೆ ಅನ್ನೋದು ಈ ಮೂರು ಅಂಕಿಯಲ್ಲೇ ಇದೆ.

ಕರಾವಳಿ_ತಂಗೂಸಿ
ನಾವು ಕುಂದಾಪುರದ ಅಳಿವೆಯಲ್ಲಿ ಬರಾಮಂಡಿಗೆ ಬ್ರೇಡೇ ಹಾಕುದು ಮಾರಾಯ್ರೆ. ಲೀಡರ್ ಇಲ್ಲದಿದ್ರೆ ಕಥೆ ಮುಗೀತು. ಅದರ ಕಿವಿರಿನ ಮುಚ್ಚಳ ಬ್ಲೇಡಿನ ಹಾಗೆ ಉಂಟು. 20–30 ಪೌಂಡ್ ಬ್ರೇಡ್, ಮುಂದೆ 40–50 ಪೌಂಡಿನ ದಪ್ಪ ಲೀಡರ್. ನಿಮ್ಮ ಬಾಸಿಗೆ ಅಂಥ ಹರಿತ ಇಲ್ಲವಾ?

ಕಪ್ಪೆರಾಯ
ಇಲ್ಲ ಅಣ್ಣ. ಬಾಸ್ ಬಾಯಿ ಮರಳು ಕಾಗದದ ಹಾಗೆ ಒರಟು ಅಷ್ಟೇ, ಹೆಬ್ಬೆರಳು ಬಾಯಿಗಿಟ್ಟು ಎತ್ತಬಹುದು. ಕಳೆಯೊಳಗೆ ಮೀನಿಗೆ ದಾರ ನೋಡೋಕೆ ಪುರಸೊತ್ತೂ ಇಲ್ಲ. ಲೀಡರ್ ಕಟ್ಟಿದ್ರೆ ಆ ಗಂಟಿಗೇ ಪಾಚಿ ಹಿಡ್ಕೊಳ್ಳುತ್ತೆ. ಕಪ್ಪೆಗೆ ನೇರ ಬ್ರೇಡ್, ಇದರಲ್ಲಿ ವಾದ ಬೇಡ.

ಗಂಟುಮಾಸ್ತರ್
ಇದರಲ್ಲಿ ನಾನೂ ನಿಮ್ಮ ಪಕ್ಷ. ನೇರ ಬ್ರೇಡ್‌ಗೆ ಪಾಲೋಮಾರ್ ಗಂಟು ಹಾಕಿ. ಮೋನೊಗೆ ಹಾಕೋ ಕ್ಲಿಂಚ್ ಗಂಟು ಬ್ರೇಡ್‌ನಲ್ಲಿ ಜಾರಿ ಬಿಚ್ಚಿಕೊಳ್ಳುತ್ತೆ.

ಇನ್ನು ಬ್ರೇಡ್‌ಗೆ ಫ್ಲೋರೋ ಸೇರಿಸೋದು. ಡಬಲ್ ಯೂನಿ ಗಂಟು ಕಲಿಯೋಕೆ ಸುಲಭ, ಆದ್ರೆ ದಪ್ಪ. ಎಸೆಯುವಾಗ ರಾಡಿನ ಬಳೆಗಳಿಗೆ ಟಕಟಕ ಹೊಡೆಯುತ್ತೆ. ಅದಕ್ಕಿಂತ ಅಲ್ಬರ್ಟೋ ಮೇಲು. ಎಲ್ಲಕ್ಕಿಂತ ಮೇಲು ಎಫ್‌ಜಿ. ಬ್ರೇಡ್‌ನ ರಾಡ್ ತುದಿಯಿಂದ ಬಿಗಿಯಾಗಿ ಎಳೆದು ಹಿಡೀಬೇಕು, ತಂತಿ ಹಾಗೆ. ಅದರ ಮೇಲೆ ಲೀಡರನ್ನ ಒಮ್ಮೆ ಮೇಲಿಂದ ಒಮ್ಮೆ ಕೆಳಗಿಂದ ದಾಟಿಸ್ತಾ ಹೋಗ್ಬೇಕು, ಹದಿನೆಂಟು ಇಪ್ಪತ್ತು ಸಲ. ಸಡಿಲ ಬಿಟ್ರೆ ಮತ್ತೆ ಮೊದಲಿಂದ. ಆಮೇಲೆ ಎರಡೂ ಸೇರಿಸಿ ಅರ್ಧಗಂಟು ಒಂದೆರಡು ಹಾಕಿ, ಎಂಜಲು ಹಚ್ಚಿ ಒದ್ದೆ ಮಾಡಿ ಜೋರಾಗಿ ಎಳೀರಿ. ಸರಿಯಾಗಿ ಕೂತಿದ್ರೆ ಬ್ರೇಡಿನ ಬಣ್ಣ ಆ ಜಾಗದಲ್ಲಿ ಗಾಢ ಆಗುತ್ತೆ, ಹೆಣಿಗೆ ಲೀಡರ್ ಮೈಗೆ ಕಚ್ಚಿರೋದು ಕಣ್ಣಿಗೇ ಕಾಣುತ್ತೆ. ಬಣ್ಣ ಬದಲಾಗ್ಲಿಲ್ಲ ಅಂದ್ರೆ ಆ ಗಂಟು ನಂಬಬೇಡಿ. ಲೀಡರ್ ತುದಿ ಕತ್ತರಿಸಿದ್ಮೇಲೆ ಬಳೆಯೊಳಗೆ ಸದ್ದಿಲ್ಲದೆ ಹೋಗುತ್ತೆ.

ಡಾಲಸ್_ಗಾಳ
ದೋಣಿ ಮೇಲೆ ಗಾಳಿಯಲ್ಲಿ ಇದನ್ನ ಕಟ್ಟೋಕಾಗುತ್ತಾ ಮಾಸ್ತರೇ?

ಗಂಟುಮಾಸ್ತರ್
ಮನೇಲಿ ಎಫ್‌ಜಿ, ನೀರಲ್ಲಿ ಅಲ್ಬರ್ಟೋ. ಲೀಡರ್ ಉದ್ದ ಇಟ್ಕೊಂಡು ಹೋದ್ರೆ ಬೈಟ್ ಬದಲಿಸಿದಾಗೆಲ್ಲ ಸ್ವಲ್ಪ ಸ್ವಲ್ಪ ಸವೆದ್ರೂ ಸಂಜೆವರೆಗೆ ಬರುತ್ತೆ.

ಕೆರೆ_ಏರಿ
4 ಎಳೆ, 8 ಎಳೆ ವಿಷಯ ಯಾರೂ ಹೇಳ್ಲಿಲ್ಲ.

ಕೊಕ್ಕರೆ
ಒಂದೇ ಪೌಂಡಿಗೆ 4 ಎಳೆಯಲ್ಲಿ ಪ್ರತಿ ಎಳೆ ದಪ್ಪ, ಮೈ ಒರಟು. ಬಳೆ ಮೇಲೆ ಕೊರ್ರ್ ಅಂತ ಸದ್ದು ಮಾಡುತ್ತೆ, ಆದ್ರೆ ಉಜ್ಜಾಟ ಹೆಚ್ಚು ತಡೆಯುತ್ತೆ, ಕಳೆಯನ್ನೂ ಚೆನ್ನಾಗಿ ಕುಯ್ಯುತ್ತೆ, ಬೆಲೆಯೂ ಕಡಿಮೆ. 8 ಎಳೆ ದುಂಡಗೆ, ನುಣುಪು, ದೂರ ಹೋಗುತ್ತೆ. ನನ್ನ ಮಟ್ಟಿಗೆ ಕಪ್ಪೆ ರಾಡ್‌ಗೆ 4, ಸ್ಪಿನ್ನಿಂಗ್‌ಗೆ 8.

ಕರಾವಳಿ_ತಂಗೂಸಿ
ನಮ್ಮಲ್ಲಿ ಸಿಗುವ ಡಬ್ಬಿಯಲ್ಲಿ ಪಿಇ 1.5, ಪಿಇ 2 ಅಂತ ಇರ್ತದೆ. ಪೌಂಡ್ ನೋಡಿ ತಗೊಳ್ಳುದಾ, ಪಿಇ ನೋಡಿಯಾ?

ಕೊಕ್ಕರೆ
ಪಿಇ ನೋಡಿ. ಅದು ಜಪಾನಿನ ಅಳತೆ, ದಾರದ ಗಾತ್ರ ಹೇಳುತ್ತೆ, ಬಲ ಅಲ್ಲ. ಪಿಇ 1 ಅಂದ್ರೆ 200 ಡೆನಿಯರ್ (ನೂಲಿನ ಗಾತ್ರದ ಅಳತೆ), ಸುಮಾರು 0.165 ಮಿಮೀ. ಪಿಇ 2 ಅಂದ್ರೆ 0.235ರ ಹತ್ತಿರ. ಪೌಂಡ್ ಲೆಕ್ಕ ಕಂಪನಿಗೊಂದು ಥರ. ಕೆಲವರು ಕಡಿಯೋ ಗರಿಷ್ಠ ಬಲ ಬರೀತಾರೆ, ಕೆಲವರು ಅದಕ್ಕಿಂತ ತಗ್ಗಿಸಿ ಬರೀತಾರೆ. ಮಿಮೀ ಹೋಲಿಸಿದ್ರೆ ಮೋಸ ಇಲ್ಲ.

ಕೆರೆ_ಏರಿ
ಕಾವೇರಿ ಮಶೀರ್‌ಗೆ ಹಳಬರು ಯಾವ ದಾರ ಹಾಕ್ತಿದ್ರೋ! 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಶೀರ್ ಹಿಡಿದಿದ್ರು. ಆಗ ಈ ಸ್ಪೆಕ್ಟ್ರಾ ಬ್ರೇಡ್ ಇರಲಿಲ್ಲ.

ಗಂಟುಮಾಸ್ತರ್
ಕಾವೇರಿ ತಳ ಪೂರಾ ಬಂಡೆ. ಆಮೇಲಿನ ಕಾಲದಲ್ಲೂ ಅಲ್ಲಿ ಗಾಳ ಹಾಕೋರು ದಪ್ಪ ನೈಲಾನನ್ನೇ ನೆಚ್ಚಿಕೊಂಡಿದ್ರು, ಬಂಡೆಗೆ ಉಜ್ಜಿದ್ರೆ ಬ್ರೇಡ್ ಬೇಗ ಹೋಗುತ್ತೆ ಅಂತ. ಈಗ ಕಾವೇರಿ ವನ್ಯಜೀವಿ ಧಾಮದೊಳಗೆ ಆ ಆಟ ನಿಂತಿದೆ. ಡುಬ್ಬದ ಮಶೀರ್ ಅಳಿವಿನ ಅಂಚಿನಲ್ಲಿದೆ. ಹಿಡಿದು ಬಿಡೋದಕ್ಕೂ ನಾನು ಆ ಮೀನಿನ ತಂಟೆಗೆ ಹೋಗಲ್ಲ.

ನಿರ್ವಾಹಕ
ಮಶೀರ್‌ಗೆ ಬೇರೆ ಚರ್ಚೆ ತೆರೆಯಿರಿ ದಯವಿಟ್ಟು. ಕ್ರ್ಯಾಂಕ್‌ಬೈಟ್ ಬಗ್ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸೇಂಟ್‌ಕ್ಲೇರ್_ಚಳಿ
ಕ್ರ್ಯಾಂಕ್‌ಬೈಟ್‌ಗೆ ಬ್ರೇಡ್ ಬ್ಯಾಡ್ರಿ. ಅದರಾಗ ಇರೋದು ಸಣ್ಣ ಸಣ್ಣ ಮೂರ್ಮುಳ್ಳಿನ ಹುಕ್, ಚರ್ಮಕ್ಕ ಸಿಕ್ಕೊಂಡಿರ್ತಾವ ಅಷ್ಟ. ಹಿಗ್ಗದ ದಾರದಾಗ ಮೀನು ತಲಿ ಒದರಿದ್ರ ಕಿತ್ಕೊಂಡು ಬರ್ತಾವ. 10–12 ಪೌಂಡ್ ಮೋನೊ, ಇಲ್ಲಂದ್ರ ಫ್ಲೋರೋ. ಆಳಕ್ಕ ಇಳೀಬೇಕಂದ್ರ ಫ್ಲೋರೋ ಛಲೋ.

ಕಪ್ಪೆರಾಯ
ಕಳೆ ಮೇಲೆ ಲಿಪ್‌ಲೆಸ್ ಕ್ರ್ಯಾಂಕ್ ಎಳೆಯುವಾಗ ನಾನು ಬ್ರೇಡೇ ಹಾಕ್ತೀನಿ. ಹುಲ್ಲಿಗೆ ಸಿಕ್ಕಿದ್ರೆ ಒಂದು ಜಾಡಿಸಿದ್ರೆ ಕಿತ್ತು ಬರುತ್ತೆ, ಅಷ್ಟೊತ್ತಿಗೇ ಮೀನು ಹೊಡೆಯೋದು. ರಾಡ್ ಮೆತ್ತಗಿದ್ರೆ, ಡ್ರ್ಯಾಗ್ ಸಡಿಲ ಬಿಟ್ರೆ ಮೀನು ತಪ್ಪಲ್ಲ.

ಸೇಂಟ್‌ಕ್ಲೇರ್_ಚಳಿ
ಅಂದ್ರ ದಾರ ಕೊಡದ ಸಡಿಲಾನ ನೀವು ರಾಡಿನಿಂದ ತಗೊಂಡ್ರಿ. ಅವರ ಹತ್ರ ಇರೋದು ಒಂದ ಬೈಟ್‌ಕಾಸ್ಟರ್, ಅದರ ರಾಡ್ ಕಪ್ಪೆಗೆ ಅಂತ ಗಟ್ಟಿ ಇರ್ತದ. ಎರಡೂ ಗಟ್ಟಿ ಆದ್ರ ಮೀನು ಹೋತು.

ಕಪ್ಪೆರಾಯ
ಹೌದು, ಅದು ಸರಿ. ಗಟ್ಟಿ ರಾಡ್‌ನಲ್ಲಿ ಬೇಡ.

ಕೊಕ್ಕರೆ
ಎರಡೇ ರಾಡ್ ಇರೋರಿಗೆ ಒಂದು ದಾರಿ ಇದೆ. ಬೈಟ್‌ಕಾಸ್ಟರ್‌ನಲ್ಲಿ 50 ಬ್ರೇಡ್ ಇರಲಿ. ಕಳೆಗೆ ಕಪ್ಪೆ ಎಸೆಯುವ ದಿನ ನೇರ ಕಟ್ಟಿ. ಮರಗಳ ನಡುವೆ ಜಿಗ್ ಹಾಕುವ ದಿನ ಮುಂದೆ 17 ಪೌಂಡ್ ಫ್ಲೋರೋ ಕಟ್ಟಿ, ಕೊಂಬೆಗೆ ತಾಗುವ ಭಾಗ ಫ್ಲೋರೋನೇ ಆಗಿರಲಿ, ಒಂದೆರಡು ರಾಡ್ ಉದ್ದ ಬೇಕಾಗುತ್ತೆ. ಕ್ರ್ಯಾಂಕ್‌ಬೈಟ್ ಸಣ್ಣದಾದ್ರೆ ಸ್ಪಿನ್ನಿಂಗ್‌ನಲ್ಲೇ ಎಸೀರಿ, ಆ ರಾಡ್ ಬಾಗುತ್ತೆ, ಮೀನು ಉಳಿಯುತ್ತೆ.

ಡಾಲಸ್_ಗಾಳ
ಇದು ನನಗೆ ಸರಿಹೊಂದುತ್ತೆ ಅಕ್ಕಾ. ಹಾಗಾದ್ರೆ ಬೈಟ್‌ಕಾಸ್ಟರ್‌ಗೆ 50 ಪೌಂಡ್ 4 ಎಳೆ, ಸ್ಪಿನ್ನಿಂಗ್‌ಗೆ 15 ಪೌಂಡ್ 8 ಎಳೆ ಮತ್ತೆ 8 ಪೌಂಡ್ ಲೀಡರ್. ಬಣ್ಣ? ಸ್ಪೂಲ್‌ಗೆ ನೇರ ಸುತ್ತಬಹುದಾ?

ಗಂಟುಮಾಸ್ತರ್
ನೇರ ಸುತ್ತಬೇಡಿ, ನುಣುಪಾದ ಸ್ಪೂಲ್ ಮೇಲೆ ಬ್ರೇಡ್ ಇಡೀ ಕಟ್ಟಾಗಿ ಗಿರ್ರನೆ ತಿರುಗುತ್ತೆ. ಡ್ರ್ಯಾಗ್ ಕೆಟ್ಟಿದೆ ಅಂತ ಅನ್ಸುತ್ತೆ, ಕೆಟ್ಟಿರಲ್ಲ. ಮೊದಲು ಹತ್ತು ಗಜ ಮೋನೊ, ಅದರ ಮೇಲೆ ಬ್ರೇಡ್. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ. ಸ್ಪಿನ್ನಿಂಗ್ ಸ್ಪೂಲನ್ನ ಅಂಚಿನವರೆಗೆ ತುಂಬಬೇಡಿ. ಎಸೆದ ಮೇಲೆ ಬೇಲ್ (ರೀಲಿನ ದಾರ ಹಿಡಿಯೋ ತಂತಿ) ಕೈಯಲ್ಲಿ ಮುಚ್ಚಿ, ದಾರ ಒಂದು ಸಲ ಎಳೆದು ಬಿಗಿ ಮಾಡಿ ಆಮೇಲೆ ಸುತ್ತಿ. ಗಾಳಿಗಂಟು ಅಂತ ಎಲ್ಲರೂ ಬೈಯೋದು ಗಾಳಿಯಿಂದಲ್ಲ, ಈ ಸಡಿಲ ಸುತ್ತಿಂದ ಆಗೋದು.

ಕಪ್ಪೆರಾಯ
ಕಪ್ಪೆಗೆ ಕಡು ಹಸಿರು. ಎಳೆ ಬಿಳಿಚಿಕೊಂಡ್ರೆ ಕೊನೆಯ ಎರಡು ಅಡಿಗೆ ಕಪ್ಪು ಮಾರ್ಕರ್ ಬಳಿದು ಬಿಡಿ.

ಸೇಂಟ್‌ಕ್ಲೇರ್_ಚಳಿ
ಸ್ಪಿನ್ನಿಂಗ್‌ಗ ಹಳದಿ ತಗೋರಿ. ಮೀನಿಗೆ ಕಾಣೋದು ಲೀಡರ್, ನಿಮಗ ಕಾಣಬೇಕಾದ್ದು ಬ್ರೇಡ್. ಬೈಟ್ ಇಳಿಯೋವಾಗ ಮೀನು ಹಿಡಿದ್ರ ಹಳದಿ ದಾರ ಪಕ್ಕಕ್ಕ ಸರಿಯೋದು ಕಾಣ್ತದ, ಕೈಗೆ ಗೊತ್ತಾಗೂ ಮುಂಚೆ. ಟೆಕ್ಸಸ್‌ದಾಗ ಇರೋರಿಗೆ ಇನ್ನೊಂದು ಸುಖ, ನಮ್ಮ ಹಂಗ ಬ್ರೇಡ್ ನೀರು ಹೀರಿ ಬಳಿಯೊಳಗ ಮಂಜುಗಡ್ಡಿ ಕಟ್ಟೂದಿಲ್ಲ.

ಕರಾವಳಿ_ತಂಗೂಸಿ
ಹಳತಾದ ಬ್ರೇಡ್ ಎಸೆಯುದಾ? ಬಹಳ ದುಡ್ಡು ಅಲ್ವಾ.

ಕೊಕ್ಕರೆ
ಎಸೀಬೇಡಿ. ಸವೆಯೋದು ಮೇಲಿನ ಅರ್ಧ ಮಾತ್ರ. ಇನ್ನೊಂದು ಖಾಲಿ ಸ್ಪೂಲ್‌ಗೆ ಬಿಚ್ಚಿಕೊಂಡು, ತಿರುಗಿಸಿ ಸುತ್ತಿದ್ರೆ ಒಳಗಿದ್ದ ಹೊಸ ದಾರ ಮೇಲೆ ಬರುತ್ತೆ. ಪೂರ್ತಿ ಸವೆದ್ಮೇಲೆ ಸಣ್ಣ ಸಣ್ಣ ತುಂಡು ಮಾಡಿ ಮುಚ್ಚಿದ ಡಬ್ಬಿಯಲ್ಲಿ ಕಸಕ್ಕೆ ಹಾಕಿ. ಟೆಕ್ಸಸ್‌ನ ದೋಣಿಕಟ್ಟೆಗಳಲ್ಲಿ ದಾರ ಹಾಕೋ ಕೊಳವೆ ಡಬ್ಬಿ ಇರ್ತಾವಲ್ಲ, ಅವು ಮೋನೊಗೆ. ಬ್ರೇಡ್ ಅಲ್ಲಿ ಹಾಕಬಾರದು, ಅದು ಮರುಬಳಕೆಗೆ ಬರಲ್ಲ.

ಕೆರೆ_ಏರಿ
ಡಾಲಸ್ ಸಾರ್, ಫೋರ್ಕ್‌ನಲ್ಲಿ ದೊಡ್ಡದು ಬಿದ್ರೆ ಫೋಟೋ ಹಾಕಿ. ಹಿಡಿದಿದ್ದನ್ನ ಮನೆಗೆ ತರಬಹುದಾ ಅಲ್ಲಿ?

ಗಂಟುಮಾಸ್ತರ್
ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ಒಳಗಿನ ಬಾಸ್ ಇಟ್ಕೊಳ್ಳೋ ಹಾಗಿಲ್ಲ, ತಕ್ಷಣ ನೀರಿಗೆ ಬಿಡಬೇಕು. ದಿನಕ್ಕೆ ಐದು, ಅದರಲ್ಲಿ 24 ಇಂಚು ಅಥವಾ ಮೇಲ್ಪಟ್ಟಿದ್ದು ಒಂದೇ. ಟೆಕ್ಸಸ್ ರಾಜ್ಯದ ದಾಖಲೆ ಮೀನು 1992ರಲ್ಲಿ ಇದೇ ಕೆರೆಯಿಂದ ಬಂದಿದ್ದು, 18.18 ಪೌಂಡ್. ದೊಡ್ಡ ಮೀನು ಇನ್ನೂ ಸಿಗ್ತಿರೋದಕ್ಕೆ ಆ ನಿಯಮಾನೂ ಕಾರಣ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಹೊರಡೋ ಮುಂಚೆ ಆ ವರ್ಷದ ನಿಯಮ ಇನ್ನೊಮ್ಮೆ ನೋಡ್ಕೊಳ್ಳಿ.

ಡಾಲಸ್_ಗಾಳ
ನೋಡ್ತೀನಿ ಮಾಸ್ತರೇ. ಕೊನೇ ಪ್ರಶ್ನೆ, ಬ್ರೇಡ್ ತುದಿ ಬಿಚ್ಚಿಕೊಳ್ಳುತ್ತಲ್ಲ, ಲೈಟರ್ ಹಚ್ಚಿ ಸುಡಬಹುದಾ?

ಕೊಕ್ಕರೆ
ತುದಿ ಸೋಕಿಸಿದ್ರೆ ಸಣ್ಣ ಗುಂಡಿಯಾಗುತ್ತೆ, ಪರವಾಗಿಲ್ಲ. ಗಂಟಿನ ಹತ್ತಿರ ಮಾತ್ರ ಬೆಂಕಿ ತರಬೇಡಿ. ಈ ನಾರು 150 ಡಿಗ್ರಿ ಸುಮಾರಿಗೇ ಕರಗುತ್ತೆ, ಬೆಂಕಿ ತಾಗಿದ ಗಂಟಿನ ಬಲ ಅಲ್ಲಿಗೇ ಹೋಯ್ತು. ಬ್ರೇಡ್‌ಗೆ ಅಂತಲೇ ಹಲ್ಲಿನ ಕತ್ತರಿ ಸಿಗುತ್ತೆ, ಅದೊಂದು ತಗೊಳ್ಳಿ. ಉಗುರು ಕತ್ತರಿಯಲ್ಲಿ ಅದು ಕತ್ತರಿಸಲ್ಲ, ಬರೀ ಜಜ್ಜುತ್ತೆ.